ಯಾವ ಖಾತೆಯಲ್ಲೂ ಇಲ್ಲದ್ದು

ಆಂಡ್ರಾಯ್ಡ್ ಬಿಟ್ಟು ಐಫೋನ್ ಕೊಳ್ಳುವವರು ಮೊದಲು ಕೇಳುವುದು ನಂಬರುಗಳ ಬಗ್ಗೆ. ಅದು ಸುಲಭ. ಗೂಗಲ್ ಖಾತೆಯಲ್ಲಿದ್ದ ನಂಬರು, ಫೋಟೋಗಳು ಲಾಗಿನ್ ಆದರೆ ಸಿಗುತ್ತವೆ.

ನನ್ನ ಚಿಂತೆ ವಾಟ್ಸಾಪಿನದು. ಟೈಪ್ ಮಾಡಲು ಬಾರದ ಅಮ್ಮ ಕುಂದಾಪುರದಿಂದ ದಿನಾ ಸಂಜೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ‘ಮಳಿ ಜೋರ್ ಇತ್ತಾ ಮಗಾ? ರೈಲ್ ಇತ್ತಾ?’ ಡೊಂಬಿವಲಿ ಲೋಕಲ್‌ನಲ್ಲಿ ನಿಂತೇ ಕೇಳುತ್ತಿದ್ದೆ. ಅಮ್ಮ ಹೋಗಿ ಎರಡು ವರ್ಷವಾಯಿತು.

ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ ಇರುವುದು ಗೂಗಲ್ ಖಾತೆಯಲ್ಲಿ, ಐಫೋನಿನದು ಐಕ್ಲೌಡಿನಲ್ಲಿ. ಒಂದರ ಬ್ಯಾಕಪ್ ಇನ್ನೊಂದರಲ್ಲಿ ತೆರೆಯದು. ಧ್ವನಿಯ ಫೋಲ್ಡರನ್ನೇ ಲ್ಯಾಪ್‌ಟಾಪಿಗೆ ನಕಲು ಮಾಡಿ ನೋಡಿದೆ. ಫೈಲಿನ ಹೆಸರಲ್ಲಿ ತಾರೀಖಿದೆ, ಯಾರ ದನಿ ಎಂದಿಲ್ಲ. ಆಫೀಸಿನವರು, ಸೊಸೈಟಿಯವರು, ಅಮ್ಮ, ಎಲ್ಲ ಒಂದೇ ರಾಶಿ. ಹೇಳಿದವರು ಯಾರು, ಯಾವ ಮಾತಿಗೆ ಹೇಳಿದರು ಎಂಬುದು ಚಾಟಿನಲ್ಲಿ ಮಾತ್ರ ಉಳಿದಿರುತ್ತದೆ.

ಆ ಚಾಟನ್ನು ದಾಟಿಸುವ ದಾರಿ 2022ರಲ್ಲಿ ಆ್ಯಪಲ್‌ನ ‘ಮೂವ್ ಟು ಐಒಎಸ್’ ಆ್ಯಪ್ ಮೂಲಕ ತೆರೆಯಿತು. ನಾನು ಬದಲಿಸಿದಾಗಿನ ಷರತ್ತುಗಳು ಇವು: ನಂಬರು ಅದೇ ಇರಬೇಕು, ಎರಡೂ ಫೋನ್ ಚಾರ್ಜಿನಲ್ಲಿರಬೇಕು, ಐಫೋನ್ ಹೊಸದಾಗಿರಬೇಕು ಇಲ್ಲವೇ ರೀಸೆಟ್ ಆಗಿರಬೇಕು. ಅದಕ್ಕೇ ಹೊಸ ಫೋನಿನ ಸೆಟಪ್ ಅವಸರದಲ್ಲಿ ಮುಗಿಸಬೇಡಿ. ಮುಖ್ಯವಾದ ಒಂದು ಚಾಟನ್ನಾದರೂ ಮೀಡಿಯಾ ಸಮೇತ ‘ಎಕ್ಸ್‌ಪೋರ್ಟ್’ ಮಾಡಿ ಬೇರೆ ಕಡೆ ಇಟ್ಟುಕೊಳ್ಳಿ.

ರಾತ್ರಿ ಒಂದೂವರೆಗೆ ಎಲ್ಲವೂ ಬಂತು. ಕೊನೆಯ ಮೆಸೇಜ್ ಹನ್ನೊಂದು ಸೆಕೆಂಡಿನದು. ಕೇಳಿದೆ. ಅಂಗಡಿಯವನು ಹಳೆ ಫೋನಿಗೆ ಒಳ್ಳೆ ಎಕ್ಸ್‌ಚೇಂಜ್ ಬೆಲೆ ಹೇಳಿದ್ದ, ಆದರೂ ಕೊಡಲಿಲ್ಲ.