ಚುನಾವಣೆಯ ಕರಪತ್ರ ಮತ್ತು ಅಚೌರ್ಯಾಣುವ್ರತ

ಅಚೌರ್ಯಾಣುವ್ರತವೆಂದರೆ ಪರರ ಹಣವನ್ನು ಮುಟ್ಟದಿರುವುದು ಎಂದೇ ನಾವು ವ್ಯಾಪಾರಿಗಳು ತಿಳಿದಿರುತ್ತೇವೆ. ತೂಕದಲ್ಲಿ, ಅಳತೆಯಲ್ಲಿ ಮೋಸವಿಲ್ಲದಿದ್ದರೆ ವ್ರತವನ್ನು ಪಾಲಿಸಿದೆವೆಂಬ ಸಮಾಧಾನ ನಮಗೆ. ಒಂದು ಕರಪತ್ರವು ನನ್ನ ಆ ಸಮಾಧಾನವನ್ನು ಕದಡಿತು.

ಕೆಲವು ವರ್ಷಗಳ ಹಿಂದೆ ನನ್ನ ಸೋದರಳಿಯನು ಪುರಸಭೆಯ ಚುನಾವಣೆಗೆ ನಿಂತನು. ಅಚ್ಚಿಗೆ ಕೊಡುವ ಮೊದಲು ಕರಪತ್ರವನ್ನು ನನಗೆ ತೋರಿಸಿದನು. ಅವನ ಭಾವಚಿತ್ರದ ಪಕ್ಕದಲ್ಲಿ ರೋಟರಿಯ ಹಲ್ಲುಚಕ್ರ. ಕೆಳಗೆ ಸ್ವಾರ್ಥಕ್ಕಿಂತ ಸೇವೆಯೇ ಮಿಗಿಲೆಂಬ ಆ ಸಂಸ್ಥೆಯ ಧ್ಯೇಯವಾಕ್ಯ. ನಾವಿಬ್ಬರೂ ರೋಟರಿಯ ಸದಸ್ಯರು. ಇವೆರಡನ್ನೂ ತೆಗೆದುಹಾಕೆಂದು ಹೇಳಿದೆನು.

"ಮಾವ, ಇದರಲ್ಲಿ ಸುಳ್ಳೇನಿದೆ? ನಾನು ಸದಸ್ಯನಲ್ಲವೇ?" ಎಂದನು.

ಸುಳ್ಳೇನೂ ಇರಲಿಲ್ಲ. ಆದರೆ 1905ರಲ್ಲಿ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಅವರು ಆರಂಭಿಸಿದ ಈ ಸಂಸ್ಥೆಯು ತನ್ನ ಹೆಸರನ್ನೂ ಲಾಂಛನವನ್ನೂ ರಾಜಕೀಯ ಪ್ರಚಾರಕ್ಕೆ ಬಳಸಬಾರದೆಂದು ವಿಧಿಸಿದೆ. ಸದಸ್ಯನು ಚುನಾವಣೆಗೆ ನಿಲ್ಲಬಹುದು. ಸಂಸ್ಥೆಯನ್ನು ತನ್ನೊಡನೆ ನಿಲ್ಲಿಸಿಕೊಳ್ಳುವಂತಿಲ್ಲ. ಆ ಚಕ್ರಕ್ಕೆ ಗೌರವ ಬಂದಿರುವುದು ಎಲ್ಲ ಪಕ್ಷಗಳವರ ದುಡಿಮೆಯಿಂದ. ನಮ್ಮೊಡನೆ ಪೋಲಿಯೊ ಹನಿ ಹಾಕಿಸಲು ದುಡಿದವರಲ್ಲಿ ಅವನ ಎದುರಾಳಿಯ ಬೆಂಬಲಿಗರೂ ಇದ್ದರು.

ವಾಣಿಜ್ಯ ಪದವಿಗೆ ಓದಿದ 1932ರ ಪಾಲುದಾರಿಕೆ ಕಾಯಿದೆಯು ನೆನಪಾಯಿತು. ಬೇರೆ ಕರಾರಿಲ್ಲದಿದ್ದರೆ, ಸಂಸ್ಥೆಯ ಹೆಸರನ್ನು ಬಳಸಿ ಸ್ವಂತಕ್ಕೆ ಲಾಭ ಗಳಿಸಿದ ಪಾಲುದಾರನು ಅದರ ಲೆಕ್ಕವೊಪ್ಪಿಸಿ ಹಣವನ್ನು ಸಂಸ್ಥೆಗೆ ಸಲ್ಲಿಸಬೇಕು. ಹಣವನ್ನಾದರೆ ಮರಳಿಸಬಹುದು, ಮತವನ್ನು ಹೇಗೆ ಮರಳಿಸುವುದು? ಕೊಡದಿರುವುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ತಿಳಿಸಿದ್ದಾರೆ. ಸಂಘದ ಸತ್ಕೀರ್ತಿಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಇಷ್ಟನ್ನು ಹೇಳಿ ಮುಗಿಸಿದಾಗ ಅವನು ಗೋಡೆಯತ್ತ ಕೈ ತೋರಿದನು. ನನ್ನ ಅಂಗಡಿಯ ಕ್ಯಾಲೆಂಡರಿನಲ್ಲಿ, ಅಂಗಡಿಯ ಹೆಸರಿನ ಮಗ್ಗುಲಲ್ಲಿಯೇ, ಅದೇ ಚಕ್ರವಿತ್ತು! ಸ್ವಂತ ವ್ಯಾಪಾರಕ್ಕೂ ಅದು ಸಲ್ಲದೆಂಬುದನ್ನು ನಾನು ಮರೆತಿದ್ದೆನು, ಮರೆಯುವುದು ಲಾಭದಾಯಕವಾಗಿತ್ತು. ಅಂದೇ ಉಳಿದ ಕ್ಯಾಲೆಂಡರುಗಳನ್ನು ಹಂಚುವುದನ್ನು ನಿಲ್ಲಿಸಿದೆನು. ಅವನೂ ಚಕ್ರವಿಲ್ಲದ ಕರಪತ್ರವನ್ನೇ ಅಚ್ಚು ಹಾಕಿಸಿದನು. ಅಲ್ಪ ಮತಗಳಿಂದ ಸೋತನು. ಅಕ್ಕ ಆ ವರ್ಷದ ಕ್ಷಮಾವಾಣಿಯವರೆಗೆ ನನ್ನೊಡನೆ ಮಾತನಾಡಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳೂ ಇದನ್ನು ಯೋಚಿಸಬೇಕು. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಸಂದರ್ಭದಲ್ಲಿ ಎಲ್ಲ ಪಂಥಗಳೂ ಒಪ್ಪಿದ ನಮ್ಮ ಪ್ರತೀಕವು ಜೀವಿಗಳ ಪರಸ್ಪರ ಉಪಕಾರವನ್ನು ಸಾರುತ್ತದೆ. ಧಾರ್ಮಿಕ ಚಿಹ್ನೆಯನ್ನು ಮುಂದಿಟ್ಟು ಮತ ಯಾಚಿಸುವುದನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಭ್ರಷ್ಟ ಆಚರಣೆಯೆಂದು ಪರಿಗಣಿಸುತ್ತದೆ. ಅಭ್ಯರ್ಥಿಯು ನಮ್ಮವನೇ ಆದಾಗ ಬೇಡವೆನ್ನುವುದು ಕಷ್ಟ. ಆಗಲೇ ವ್ರತದ ಪರೀಕ್ಷೆ.