ರುದ್ರಪಟ್ಟಣದ ಮಳೆಯೂ ಅಪ್ಪನ ಕ್ಯಾಲೆಂಡರುಗಳೂ

ಹಾಸನದಿಂದ ಅರಕಲಗೂಡಿನ ಮೇಲೆ ಬಂದು, ರಾಮನಾಥಪುರದ ದೇವರಿಗೆ ಕೈಮುಗಿದು ಮುಂದೆ ಹೋದರೆ ನನ್ನ ತವರು ರುದ್ರಪಟ್ಟಣ. ಸಂಗೀತದ ಊರು, ಆರ್. ಕೆ. ಶ್ರೀಕಂಠನ್ ಅವರ ಊರು ಅಂತ ನೀವೂ ಕೇಳಿರುತ್ತೀರಿ. ತಂಬೂರಿಯ ಆಕಾರದ ಮಂದಿರ ನೋಡುವುದಕ್ಕೇ ಜನ ಬರುತ್ತಾರೆ. ಈ ಸಲ ನಾನು ಹೋದದ್ದು ಮಾತ್ರ ಹೊಲದ ವಿಚಾರಕ್ಕೆ.

"ಮಳೆ ಎಲ್ಲಿದೆ ಅಕ್ಕ? ಅಪ್ಪನ ಕಾಲಕ್ಕೇ ಮುಗೀತು. ಮಾರಿಬಿಡೋಣ" ಅಂತ ತಮ್ಮನ ಹಟ. ಮಳೆ ನಂಬಿದ ಎರಡೆಕರೆ ರಾಗಿ ಹೊಲ ನಮ್ಮದು.

ಎದುರಿಗೇ ಕಾವೇರಿ ತುಂಬಿ ಹರೀತಿದ್ದಳು! ಆದರೆ ಅದು ಕೊಡಗಿನ ಮಳೆಯ ನೀರು, ಜೊತೆಗೆ ಹಾರಂಗಿ ಕಟ್ಟೆಯಿಂದ ಬಿಟ್ಟದ್ದು. ಹೊಳೆ ಉಕ್ಕಿತು ಅಂದಮಾತ್ರಕ್ಕೆ ನಮ್ಮ ಹೊಲ ನೆನೆದಿರಬೇಕು ಅಂತೇನಿಲ್ಲ ನೋಡಿ.

ಅಟ್ಟದ ಮೇಲೆ ಅಪ್ಪನ ಹಳೇ ಕ್ಯಾಲೆಂಡರುಗಳ ಕಟ್ಟಿತ್ತು. ಹದ ಮಳೆಗೆ ಸುತ್ತು, ತುಂತುರಿಗೆ ಚುಕ್ಕಿ. ನಾನು, ನಾದಿನಿ ಕೂತು ಎಣಿಸಿದೆವು. ಎಸ್ಸೆಸ್ಸೆಲ್ಸಿ ಲೆಕ್ಕವೇ ಸಾಕಾಯಿತು. ಸುತ್ತುಗಳೇನೂ ತಮ್ಮ ಹೇಳಿದಷ್ಟು ಕಡಿಮೆಯಾಗಿರಲಿಲ್ಲ. ಅಪ್ಪನ ಕಾಲದಲ್ಲೂ ಆರಿದ್ರೆ ಕೈಕೊಟ್ಟ ವರ್ಷಗಳಿದ್ದವು. ಅದನ್ನು ನಾವು ಮರೆತಿದ್ದೆವು, ಅಷ್ಟೆ. ಕಡೇ ಕ್ಯಾಲೆಂಡರುಗಳಲ್ಲಿ ಮಾತ್ರ ಸುತ್ತುಗಳು ಒಟ್ಟೊಟ್ಟಿಗೆ ಬಿದ್ದು, ನಡುವೆ ಖಾಲಿ ವಾರಗಳು. ಪೈರು ಒಣಗುವುದು ಅಲ್ಲೇ.

ಸುತ್ತು ನೋಡಿದರೆ ಎಷ್ಟು ಮಳೆ ಅಂತ ತಿಳಿಯದು. ಅದಕ್ಕೆ ಮಳೆಮಾಪಕವೇ ಬೇಕು. ಒಂದು ಮಿಲಿಮೀಟರ್ ಅಂದರೆ ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಹವಾಮಾನದವರು ಸರಾಸರಿಗೆ 30 ವರ್ಷವಾದರೂ ಹಿಡಿಯುತ್ತಾರೆ. ಯಾಕೆ ಗೊತ್ತೇ? 2018, 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿದಳು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಸಾರಿತು. ಇಷ್ಟನ್ನೇ ಹಿಡಿದರೆ ಮಳೆ ಕುಸಿಯಿತು ಅನ್ನಬೇಕು. 2023ರಿಂದ ಶುರುಮಾಡಿ 2024ಕ್ಕೆ ನಿಲ್ಲಿಸಿದರೆ ಏರಿತು ಅನ್ನಬೇಕು! ಎಲ್ಲಿಂದ ಎಣಿಸುತ್ತೀರಿ ಅನ್ನುವುದರ ಮೇಲೇ ಜಗಳ ನಿಂತಿದೆ.

ತಮ್ಮ ಬಾಯಿ ಮುಚ್ಚಿದನೇ ಹೊರತು ಒಪ್ಪಲಿಲ್ಲ. "ಖಾಲಿ ವಾರದಲ್ಲಿ ರಾಗಿಗೆ ನೀನು ನೀರು ಹೊರ್ತೀಯಾ?" ಅಂದ. ಅವನ ಮಾತೂ ಸುಳ್ಳಲ್ಲ. ಬದುವಿನ ಪಕ್ಕ ಒಂದು ಕೃಷಿಹೊಂಡ ತೆಗೆಸೋಣ, ಖರ್ಚಿಗೆ ನನ್ನ ಚೀಟಿ ಹಣ ಇದೆ ಅಂದೆ. ಒಂದು ವರ್ಷ ತಡೆಯೋದಕ್ಕೆ ಒಪ್ಪಿದ್ದಾನೆ. ಮೊನ್ನೆ ನಾದಿನಿ ಫೋನಿನಲ್ಲಿ ಹೇಳಿದಳು: ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಅವನೇ ಸುತ್ತು ಹಾಕುತ್ತಿದ್ದಾನಂತೆ.