ಮಂಜಿನ ಗ್ರಹದ ಕಾದಂಬರಿ

ಚಲನಚಿತ್ರದ ಬೆನ್ನು ಹಿಡಿದು ಬರುವ ಕಾದಂಬರಿಗೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕುವವರು ಕಡಮೆ. ಅದು ವ್ಯಾಪಾರದ ಸರಕೆಂದು ಪ್ರಾಜ್ಞರು ಮೂಗು ಮುರಿಯುತ್ತಾರೆ. ಓದುಗನ ನ್ಯಾಯವೇ ಬೇರೆ.

'ಸ್ಟಾರ್ ವಾರ್ಸ್' ಎಂಬ ಅಂತರಿಕ್ಷ ಸಾಹಸದ ಚಿತ್ರ ತೆರೆಕಂಡದ್ದು 1977ರ ಮೇ ತಿಂಗಳಲ್ಲಿ. ಅದರ ಕಾದಂಬರಿ ಆರು ತಿಂಗಳು ಮೊದಲೇ ಅಮೆರಿಕದ ಅಂಗಡಿಗಳಿಗೆ ಬಂದಿತ್ತು. ಹೊದಿಕೆಯ ಮೇಲೆ ನಿರ್ದೇಶಕ ಜಾರ್ಜ್ ಲ್ಯೂಕಾಸರ ಹೆಸರು. ಬರೆದವರು ಅಲನ್ ಡೀನ್ ಫಾಸ್ಟರ್. 1978ರಲ್ಲಿ ಫಾಸ್ಟರ್ ತಮ್ಮದೇ ಹೆಸರಿನಲ್ಲಿ 'ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ' ಎಂಬ ಮುಂದಿನ ಕಥೆಯನ್ನು ಹೊರತಂದರು. ಮೊದಲ ಚಿತ್ರದ ಗಳಿಕೆ ಸಾಧಾರಣವಾದರೆ ಅಗ್ಗದಲ್ಲಿ ಎರಡನೆಯದನ್ನು ತೆಗೆಯಲು ಒದಗಲಿ ಎಂಬುದು ಅದರ ಹಿಂದಿನ ಮುಂದಾಲೋಚನೆ. ಅಂತೆಯೇ ಕಥೆ ನಡೆಯುವುದು ಮಂಜು ಮುಸುಕಿದ ಗ್ರಹದಲ್ಲಿ. ಮಂಜಿದ್ದಲ್ಲಿ ದುಬಾರಿ ದೃಶ್ಯಸಜ್ಜಿಕೆ ಬೇಡವಷ್ಟೆ!

ಆ ಕೈಬಿಗಿತವೇ ಪುಸ್ತಕದ ಭಾಗ್ಯವಾಯಿತು. ಕಲಬುರಗಿ ಸೀಮೆಯ ಇಜೇರಿಯಂಥ ಊರಿನಲ್ಲಿ, ಎರೆಹೊಲ ಬಿರುಕುಬಿಟ್ಟ ವೈಶಾಖದ ಮಧ್ಯಾಹ್ನ ಅದನ್ನು ಬಿಡಿಸಿ ಕುಳಿತವನು, ತಾನೆಂದೂ ಕಾಣದ ಜವುಗುನೆಲವನ್ನೂ ಮಂಜನ್ನೂ ತಾನೇ ಕಟ್ಟಿಕೊಳ್ಳಬೇಕು. ತೆರೆ ಎಲ್ಲವನ್ನೂ ತೋರಿಸಿಬಿಡುತ್ತದೆ. ಪುಸ್ತಕ ಓದುಗನನ್ನೂ ಕೆಲಸಕ್ಕೆ ಹಚ್ಚುತ್ತದೆ.

ಆದರೆ ಈ ಸುಖದಲ್ಲೊಂದು ಮುಳ್ಳುಂಟು. ಈ ಕಾದಂಬರಿಯಲ್ಲಿ ನಾಯಕ ಲ್ಯೂಕನ ಮನಸ್ಸು ರಾಜಕುಮಾರಿ ಲೇಯಾಳತ್ತ ವಾಲುತ್ತದೆ. 1983ರ ಚಿತ್ರವಾದರೋ ಅವರಿಬ್ಬರೂ ಅವಳಿ ಒಡಹುಟ್ಟಿದವರೆಂದು ಸಾರಿತು! 2014ರಲ್ಲಿ ಕಥೆಯ ಒಡೆತನವುಳ್ಳ ಸಂಸ್ಥೆ ಅದುವರೆಗಿನ ಇಂಥ ಕಾದಂಬರಿಗಳನ್ನು 'ಲೆಜೆಂಡ್ಸ್' ಎಂಬ ಬೇರೆ ಸಾಲಿಗೆ ಸರಿಸಿತು. ಮುಂದಿನ ಚಿತ್ರಗಳಿಗೆ ಅವು ಪ್ರಮಾಣವಲ್ಲವೆಂದಿತು. ಹಾಗಾದರೆ ಪ್ರೀತಿಯಿಂದ ಓದಿದ್ದೆಲ್ಲ ಸುಳ್ಳಾಯಿತೆ?

ಕನ್ನಡಿಗನಿಗೆ ಈ ಪ್ರಶ್ನೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿದನು. ವ್ಯಾಸರ ಕಥೆ ಹಾಗಿಲ್ಲ. ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಬೆಸೆದು ಹಾಡಿದ ಕವಿ ಅವನು. ಫಾಸ್ಟರರನ್ನು ಪಂಪನ ಪಕ್ಕದಲ್ಲಿ ಕೂರಿಸುವ ಸಾಹಸ ಬೇಡ; ಒಡೆಯನಿಗಾಗಿ ಬರೆದದ್ದೆಂಬ ಒಂದೇ ಕಾರಣಕ್ಕೆ ಕೃತಿ ಹಗುರಾಗದೆಂಬುದಕ್ಕೆ ಅಷ್ಟು ಸಾಕು. ಮೂಲಕ್ಕೆ ಹೊಂದದೆಂದು ಪಂಪಭಾರತವನ್ನು ಯಾರೂ ಹೊರಗಿಡಲಿಲ್ಲ. ವ್ಯಾಸರದು ಒಂದು, ಪಂಪನದು ಒಂದು ಎಂದು ಎರಡನ್ನೂ ಉಳಿಸಿಕೊಂಡರು.

ಶ್ರಾವಣದಲ್ಲಿ ಗುಡಿಯ ಕಟ್ಟೆಯ ಮೇಲೆ ಪುರಾಣ ಕೇಳುವ ಸೀಮೆಯ ಜನ, ಹೇಳುವವರು ಬದಲಾದಂತೆ ಕಥೆಯೂ ಕೊಂಚ ಬದಲಾಗುವುದನ್ನು ಬಲ್ಲರು. ಅವರು ನೋಡುವುದು, ಹೇಳಿದ್ದು ಮನಮುಟ್ಟಿತೇ ಎಂಬುದನ್ನು. ಮಂಜಿನ ಗ್ರಹದ ಕಥೆಯನ್ನೂ ಆ ಕಟ್ಟೆಯ ನ್ಯಾಯಕ್ಕೇ ಒಪ್ಪಿಸುವುದು ಲೇಸು.